ಎದ್ದು ಹೋದವರು ಕಾಣದ ಕಟ್ಟೆ

ಆ ಸಾಲನ್ನು ಬರೆದವನು ನಾನೇ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದ್ದು ಬರೆಯೋದು ಸಲೀಸು.

2023ರ ಮಾರ್ಚ್. ಹೋಳಿ ಮುಗಿದು ವಾರವಾಗಿತ್ತು, ಉಗುರಿನ ಸಂದಿಯಲ್ಲಿ ಇನ್ನೂ ಬಣ್ಣ ಉಳಿದಿತ್ತು. ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಅದು ಪಿಯುಸಿ ಪರೀಕ್ಷೆಯ ಸಮಯ, ಅಂದರೆ ನನ್ನ ಸುಗ್ಗಿ. ಅವತ್ತು ಬೆಳಿಗ್ಗೆಯಿಂದ ಮಷಿನ್ ಕಾಗದ ನುಂಗುತ್ತಿತ್ತು. ಮೆಕ್ಯಾನಿಕ್ ಮೂರು ದಿನದಿಂದ "ನಾಳಿ ಬರ್ತೀನ್ರಿ ಸರ" ಅನ್ನುತ್ತಿದ್ದ. ಅಂಗಡಿ ಮುಂದೆ ಹುಡುಗರು ನೋಟ್ಸ್ ಹಿಡಿದು ನಿಂತಿದ್ದರು. ಎಲ್ಲರನ್ನೂ ಪಕ್ಕದ ಅಂಗಡಿಗೆ ಕಳಿಸಿ, ಶಟರ್ ಅರ್ಧ ಎಳೆದು, ಫೋನ್ ತೆಗೆದು ಕೂತೆ.

ನಮ್ಮ ಹಳೇ ಓಣಿಯ ವಾಟ್ಸಾಪ್ ಗ್ರೂಪಿನಲ್ಲಿ ಕಾಕಾ ಒಬ್ಬರು ಒಂದು ಕಪ್ಪು-ಬಿಳುಪು ಫೋಟೋ ಹಾಕಿದ್ದರು. 1978ರ ಹೋಳಿ. ಎತ್ತಿನ ಬಂಡಿ, ಬಂಡಿ ಮೇಲೆ ಬಣ್ಣದ ಬ್ಯಾರಲ್ಲು, ಸುತ್ತ ಮುಖ ಗುರುತು ಸಿಗದ ಹತ್ತಿಪ್ಪತ್ತು ಹುಡುಗರು. ಕೆಳಗೆ "ನಮ್ಮ ಓಣಿ ಬಂಡಿ" ಅಂತ ಬರೆದಿದ್ದರು. ಅಷ್ಟರಲ್ಲಾಗಲೇ ಇಬ್ಬರು ಕೊಂಕು ತೆಗೆದಿದ್ದರು. ಒಬ್ಬ "ಇದು ನಿಮ್ಮ ಓಣಿದಲ್ರೀ" ಅಂದಿದ್ದ. ಇನ್ನೊಬ್ಬ "ಇತಿಹಾಸ ತಿದ್ದಬ್ಯಾಡ್ರಿ" ಅಂದಿದ್ದ. ನಾನು ಮೂರನೆಯವನು. "ಕಾಕಾ, ಫೋಟೋ ಸರಿ ಐತ್ರಿ. ಕನ್ನಡಕದ ನಂಬರ್ ಬದಲಿ ಆಗೇತಿ ನೋಡ್ರಿ" ಅಂತ ಬರೆದೆ.

ಅಂಥಾ ದೊಡ್ಡ ಮಾತೇನಲ್ಲ, ಅಲ್ವಾ? ಎದುರಿಗೆ ಹೇಳಿದ್ದರೆ ಕಾಕಾ ಬಿಡುತ್ತಿರಲಿಲ್ಲ. ನಮ್ಮಪ್ಪನ ಹೆಸರು ಎತ್ತಿ ಇನ್ನೊಂದು ಬಿಗಿಯುತ್ತಿದ್ದರು, ನಾಲ್ಕು ಜನ ನಗುತ್ತಿದ್ದರು, ಅಲ್ಲಿಗೆ ಲೆಕ್ಕ ಚುಕ್ತಾ. ಇಲ್ಲಿ ಹಾಗಾಗಲಿಲ್ಲ. ನನ್ನ ಸಾಲಿನ ಕೆಳಗೆ ಕಣ್ಣಲ್ಲಿ ನೀರು ಬರುವಂತೆ ನಗುವ ಆ ಹಳದಿ ಮುಖಗಳು ಒಂದೊಂದೇ ಸೇರತೊಡಗಿದವು. ಸುಳ್ಳು ಯಾಕೆ ಹೇಳಲಿ, ಅದನ್ನು ನಾನು ಎಣಿಸಿದೆ. 31 ಆದವು. ಬೆಳಿಗ್ಗೆಯಿಂದ ಯಾವ ಕೆಲಸವೂ ಆಗದವನಿಗೆ ಒಂದು ಕೆಲಸ ಆದಹಾಗಿತ್ತು.

ಆಮೇಲೆ ಒಬ್ಬ ಬರೆದ: "ಪರಿಹಾರದ ರೊಕ್ಕದಾಗ ಒಂದ್ ಛಲೋ ಕನ್ನಡಕ ತಗೊಬೇಕಾಗಿತ್ತು." ಪರಿಹಾರ ಅನ್ನೋ ಶಬ್ದ ನಮ್ಮೂರಲ್ಲಿ ಬೆಂಕಿಕಡ್ಡಿ ಇದ್ದಹಾಗೆ. ಆಲಮಟ್ಟಿಯ ಹಿನ್ನೀರಿಗೆ ಯಾರ ಮನೆ ಹೋಯಿತು, ಯಾರಿಗೆ ಎಷ್ಟು ಬಂತು, ಯಾರು ಸುಳ್ಳು ಕಾಗದ ಮಾಡಿಸಿದರು ಅನ್ನೋದೆಲ್ಲ ಎದ್ದಿತು. ಅದಕ್ಕೆ ಡ್ಯಾಮಿನ ಎತ್ತರ ಸೇರಿತು. 519.60 ಮೀಟರಿನಿಂದ 524.256ಕ್ಕೆ ಏರಿಸುವ ಮಾತು ನಮ್ಮಲ್ಲಿ ವರ್ಷಗಳಿಂದ ನಡೆದೇ ಇದೆ. ಏರಿದರೆ ಮುಳುಗುವವರೊಂದು ಕಡೆ, ನೀರು ಬರಲಿ ಅನ್ನುವವರೊಂದು ಕಡೆ. ರಾತ್ರಿ ಒಂಬತ್ತಕ್ಕೆ ಜಾತಿ ಬಂತು. ಹತ್ತಕ್ಕೆ ಒಬ್ಬರ ತೀರಿಹೋದ ತಂದೆಯ ಹೆಸರು ಬಂತು. ಫೋಟೋ ಎಲ್ಲೋ ಮೇಲೆ ಉಳಿದು ಹೋಗಿತ್ತು. ಅದನ್ನು ನೋಡಬೇಕಾದರೆ ಹೆಬ್ಬೆರಳು ನೋಯುವ ತನಕ ಸರಿಸಬೇಕು.

ಹತ್ತೂವರೆಗೆ ಕಾಕಾ ಗ್ರೂಪು ಬಿಟ್ಟರು. ಅದು ಯಾರಿಗೂ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು, ಯಾಕಂದರೆ ನಾನು ಅಡ್ಮಿನ್.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲೆಲ್ಲ ಯಾರಾದರೂ ಗ್ರೂಪು ಬಿಟ್ಟರೆ ನಡುವೆ ಬೂದು ಬಣ್ಣದ ಒಂದು ಸಾಲು ಬರುತ್ತಿತ್ತು, ಇಂಥವರು ಹೊರಹೋದರು ಅಂತ. ಆ ಸಾಲು ಕಂಡ ಕೂಡಲೇ ಯಾರಾದರೂ "ಅರೆ, ಯಾಕ್ ಹೋದ್ರು?" ಅನ್ನುತ್ತಿದ್ದರು. ಒಬ್ಬರು ಫೋನ್ ಮಾಡುತ್ತಿದ್ದರು. ಜಗಳಕ್ಕೆ ಒಂದು ಉಸಿರು ಬೀಳುತ್ತಿತ್ತು. 2022ರಲ್ಲಿ ವಾಟ್ಸಾಪಿನವರು ಸದ್ದಿಲ್ಲದೆ ಹೋಗುವ ಸೌಲಭ್ಯ ಕೊಟ್ಟರು. ಈಗ ಹೋದ ಸೂಚನೆ ಅಡ್ಮಿನ್‌ಗೆ ಮಾತ್ರ ಬರುತ್ತದೆ. ಹೋಗುವವರಿಗೆ ಮುಜುಗರ ಆಗಬಾರದು ಅಂತ ಮಾಡಿದ್ದು, ತಪ್ಪಲ್ಲ. ಆದರೆ ಬೈಯುವವನಿಗೆ ತನ್ನ ಮಾತು ಕೇಳಿ ಯಾರು ಎದ್ದು ಹೋದರು ಅನ್ನೋದು ಕಾಣುವುದೇ ಇಲ್ಲ. ಆ ವಾರವಿಡೀ ನನ್ನ ಫೋನಿನಲ್ಲಿ ಒಬ್ಬೊಬ್ಬರೇ ಹೋಗುತ್ತಿದ್ದರು. ಹೆಚ್ಚಿನವರು ಜಗಳದಲ್ಲಿ ಒಂದಕ್ಷರ ಬರೆದವರಲ್ಲ.

ಗ್ರೂಪು ಶುರುವಾದದ್ದು 2015ರಲ್ಲಿ, 38 ಜನರಿಂದ. ನವನಗರ ನೋಡದವರಿಗೆ ಹೇಳುತ್ತೇನೆ. ಇದು ಸೆಕ್ಟರ್ ನಂಬರಿನ ಊರು. ಹಿನ್ನೀರಿಗೆ ಹಳೇ ಬಾಗಲಕೋಟೆಯ ಎಷ್ಟೋ ಭಾಗ ಹೋದಾಗ ಜನರನ್ನು ತಂದು ಇಲ್ಲಿ ಪ್ಲಾಟು ಕೊಟ್ಟರು. ರಸ್ತೆ ಅಗಲ, ಗಾಳಿ ಬೆಳಕು ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೋಡೆಗೆ ಗೋಡೆ ಹಚ್ಚಿ ಬದುಕಿದವರು ಬೇರೆ ಬೇರೆ ಸೆಕ್ಟರಿಗೆ ಹಂಚಿಹೋದರು. ನಮ್ಮ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದ ಅಜ್ಜಿಯ ಮನೆಗೆ ಹೋಗಲು ಈಗ ಆಟೋ ಬೇಕು. ಹಾಗಾಗಿ ಗ್ರೂಪು ಶುರುವಾದಾಗ ಮೊದಲ ವಾರ ಯಾರೂ ನಿದ್ದೆ ಮಾಡಲಿಲ್ಲ ಅಂದರೂ ನಡೆದೀತು. ಒಬ್ಬರು ಹಳೇ ಮನೆಯ ಬಾಗಿಲ ಚೌಕಟ್ಟಿನ ಫೋಟೋ ಹಾಕಿದರು. ಮನೆ ಕೆಡವುವಾಗ ಬಿಚ್ಚಿ ತಂದು ಇಲ್ಲಿ ಹಿತ್ತಲಲ್ಲಿ ಇಟ್ಟಿದ್ದಾರೆ, ಹೊಸ ಮನೆಯ ಅಳತೆಗೆ ಅದು ಕೂಡಲಿಲ್ಲ. ಆ ಫೋಟೋದ ಕೆಳಗೆ ಮೂವತ್ತೆಂಟೂ ಜನ ಏನಾದರೂ ಬರೆದಿದ್ದರು.

38 ಜನ ಅಂದರೆ ಎಷ್ಟು ಜೋಡಿ? ಒಮ್ಮೆ ಅಂಗಡಿಯಲ್ಲಿ ಬಿಡುವಿದ್ದಾಗ ಲೆಕ್ಕ ಹಾಕಿದೆ. 703. ಇಷ್ಟೂ ಜೋಡಿಗಳು ಒಬ್ಬರನ್ನೊಬ್ಬರು ಬಲ್ಲವರು. 2016ರಲ್ಲಿ ಗ್ರೂಪಿನ ಮಿತಿ 256 ಆಯಿತು. ಅದೇ ವರ್ಷ ಸೆಪ್ಟೆಂಬರ್ 5ಕ್ಕೆ ಜಿಯೋ ಬಂತು, ಎಲ್ಲರ ಕೈಗೂ ನೆಟ್ ಬಂತು. ನಾವೂ ತುಂಬಿಸಿದೆವು. ಅಣ್ಣನ ಮಕ್ಕಳು, ಬೀಗರು, ಪುಣೆಗೆ ಹೋದವರು, ಬೆಂಗಳೂರಿಗೆ ಹೋದವರು. 256 ಜನ ಅಂದರೆ 32,640 ಜೋಡಿ. 2022ರ ಕೊನೆಗೆ ಮಿತಿ 1024ಕ್ಕೆ ಏರಿತು. ಅಷ್ಟೂ ತುಂಬಿದರೆ 5,23,776 ಜೋಡಿ. ನಾವು ಒಂಬೈನೂರರ ತನಕ ಹೋದೆವು. ಗ್ರೂಪು ದೊಡ್ಡದಾಗುವುದೇ ಏಳಿಗೆ ಅಂದುಕೊಂಡಿದ್ದೆವು. ಒಂದು ಮದುವೆಗೆ ಜಾಸ್ತಿ ಜನ ಬಂದರೆ ಖುಷಿ ಪಡೋ ಹಾಗೆ.

ವಾಟ್ಸಾಪಿನಲ್ಲಿ ನಮ್ಮ ಫೋನಿನಲ್ಲಿ ಸೇವ್ ಮಾಡದವರು ಬರೆದರೆ ಅವರ ಹೆಸರಿನ ಹಿಂದೆ ಅಲೆಯಂಥ ಒಂದು ಸಣ್ಣ ಗೆರೆ ಬರುತ್ತದೆ, ನೋಡಿರಬಹುದು. ಮೊದಲ ವರ್ಷ ನನ್ನ ಫೋನಿನಲ್ಲಿ ಒಬ್ಬರಿಗೂ ಆ ಅಲೆ ಇರಲಿಲ್ಲ. ಈಗ ಹತ್ತರಲ್ಲಿ ಏಳು ಜನರಿಗೆ ಇದೆ. ಪರಿಹಾರದ ಮಾತು ತೆಗೆದ ಹುಡುಗನಿಗೂ ಇತ್ತು. ಅವನು ಹುಟ್ಟಿದ್ದೇ ನವನಗರದಲ್ಲಿ. ಕಾಕಾನ ಮನೆ ಯಾವುದಿತ್ತು, ಅವರು ಎಷ್ಟು ಮಂದಿ ಹುಡುಗರಿಗೆ ಸೈಕಲ್ ಕಲಿಸಿದರು ಅನ್ನೋದು ಅವನಿಗೆ ಗೊತ್ತಿಲ್ಲ. ಅವನ ಮಟ್ಟಿಗೆ ಕಾಕಾ ಅಂದರೆ ಒಂದು ಫೋನ್ ನಂಬರು, ಮುಂದೆ ಒಂದು ಅಲೆ.

ಅಂತರ್ಜಾಲದ ಹಳಬರ ನಡುವೆ "ಮುಗಿಯದ ಸೆಪ್ಟೆಂಬರ್" ಅನ್ನೋ ಮಾತಿದೆ. ವೆಬ್ ಮನೆಮನೆಗೆ ಬರುವ ಮುಂಚೆ ಯೂಸ್‌ನೆಟ್ ಅಂತ ಚರ್ಚೆಯ ಜಾಗ ಇತ್ತು. ಅದು ಹೆಚ್ಚಾಗಿ ವಿಶ್ವವಿದ್ಯಾಲಯದವರ ಕಟ್ಟೆ. ಪ್ರತಿ ಸೆಪ್ಟೆಂಬರಿನಲ್ಲಿ ಅಮೆರಿಕದ ಕಾಲೇಜುಗಳಿಗೆ ಹೊಸ ಹುಡುಗರು ಬರುತ್ತಿದ್ದರು, ಗದ್ದಲ ಆಗುತ್ತಿತ್ತು. ಹಳಬರು ಗದರಿಸಿ, ತಿಳಿಸಿ ಹೇಳಿ ಒಂದೆರಡು ತಿಂಗಳಲ್ಲಿ ದಾರಿಗೆ ತರುತ್ತಿದ್ದರು. 1993ರ ಸುಮಾರಿಗೆ ಕಂಪನಿಗಳು ದುಡ್ಡು ಕೊಟ್ಟವರಿಗೆಲ್ಲ ಅಲ್ಲಿಗೆ ಬಾಗಿಲು ತೆರೆಯತೊಡಗಿದವು. ಆಮೇಲೆ ವರ್ಷವಿಡೀ ಸೆಪ್ಟೆಂಬರೇ. ಕಲಿಸುವವರಿಗಿಂತ ಬರುವವರು ಜಾಸ್ತಿಯಾದರು. ನಮ್ಮ ಸೆಪ್ಟೆಂಬರ್ 2016ರದ್ದು ಅಂತ ನಾನು ತಮಾಷೆಗೆ ಹೇಳುತ್ತಿರುತ್ತೇನೆ. ಇದರಲ್ಲಿ ಹೊಸಬರನ್ನು ದೂರುವುದಕ್ಕೇನೂ ಇಲ್ಲ. ಆ ಹುಡುಗನಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಅವನು ಕಂಡದ್ದು ನನ್ನ ಕನ್ನಡಕದ ಸಾಲು, ಅದಕ್ಕೆ ಬಿದ್ದ 31 ನಗು. ಇಲ್ಲಿ ಹೀಗೆ ನಡೆಯುತ್ತದೆ ಅಂತ ಕಲಿತ. ಅಡ್ಮಿನ್ನೇ ಕಲಿಸಿದ.

ಇನ್ನು, ನಾವೇನು ಬಹಳ ಮೆತ್ತಗಿನ ಜನ, ಈ ಫೋನು ಬಂದು ಕೆಡಿಸಿತು ಅಂತ ಹೇಳಿದರೆ ಬಾಗಲಕೋಟೆಯವರೇ ನಕ್ಕಾರು. ಬೈಗುಳ ನಮಗೆ ಹೊಸದಲ್ಲ. ಕಾಮನನ್ನು ಸುಡುವ ರಾತ್ರಿ ಬಾಯಿ ಬಡಿದುಕೊಂಡು ಯಾರ ಯಾರ ಹೆಸರು ಹಿಡಿದು ಏನೇನು ಕೂಗುತ್ತಿದ್ದೆವು ಅನ್ನೋದನ್ನ ಇಲ್ಲಿ ಬರೆಯಲಾರೆ. ಕಿಲ್ಲಾದವರು ಜೈನಪೇಟೆಯವರಿಗೆ, ಅವರು ಹಳಪೇಟೆಯವರಿಗೆ. ಹಲಗಿ ಬಡಿತದಲ್ಲಿ ಪೈಪೋಟಿ, ಬಂಡಿಯಲ್ಲಿ ಪೈಪೋಟಿ, ಸೋಗಿನಲ್ಲಿ ಅಣಕ. ಊರಿನ ದೊಡ್ಡವರನ್ನೂ ಬಿಡುತ್ತಿರಲಿಲ್ಲ. ಆದರೆ ಅದಕ್ಕೊಂದು ಕೊನೆ ಇತ್ತು. ಬಣ್ಣದ ಬಂಡಿಗಳು ಊರು ಸುತ್ತಿ ಮುಗಿದ ದಿನ ಎಲ್ಲರೂ ತಲೆಗೆ ನೀರು ಹಾಕಿಕೊಂಡು, ಬಿಳಿ ಅಂಗಿ ತೊಟ್ಟು ಹೊರಗೆ ಬರುತ್ತಿದ್ದರು. ಮರುದಿನ ಯಾರಾದರೂ ಅದೇ ಮಾತು ಆಡಿದರೆ "ಹೋಳಿ ಮುಗೀತಲೇ" ಅಂತ ಕಪಾಳಕ್ಕೆ ಬೀಳುತ್ತಿತ್ತು. ಗ್ರೂಪಿನಲ್ಲಿ ತಲೆಗೆ ನೀರು ಹಾಕಿಕೊಳ್ಳುವ ದಿನ ಯಾವುದು? ನಾಲ್ಕು ತಿಂಗಳ ಹಿಂದಿನ ಬೈಗುಳದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಇವತ್ತಿಗೂ ಹಾಕುವವರಿದ್ದಾರೆ.

ಹರದೇಶಿ-ನಾಗೇಶಿ ಹಾಡಿಕೆ ಕೇಳಿದವರಿಗೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಗಂಡು ಹೆಚ್ಚು ಅನ್ನುವ ಮೇಳ ಒಂದು, ಹೆಣ್ಣು ಹೆಚ್ಚು ಅನ್ನುವ ಮೇಳ ಇನ್ನೊಂದು. ದಪ್ಪು ಬಡಿಯುತ್ತಾ, ತುಂತುಣಿ ಮೀಟುತ್ತಾ, ಬೆಳತನಕ ಜಗಳ. ಸವಾಲು, ಅದಕ್ಕೆ ಜವಾಬು, ಅದರ ಮೇಲೆ ಮರುಸವಾಲು. ಎದುರಿನ ಮೇಳದವರನ್ನು ನೀರು ಕುಡಿಸಲೇಬೇಕು, ಜನ ಬಂದಿರುವುದೇ ಅದಕ್ಕೆ. ಆದರೆ ಬೈಯಬೇಕಾದರೆ ಪ್ರಾಸ ಕೂಡಬೇಕು, ತಾಳ ತಪ್ಪಬಾರದು, ಎದುರಿನವರು ಹಾಡಿ ಮುಗಿಸುವ ತನಕ ಕಾಯಬೇಕು. ಕಾಯುವಾಗ ಕೇಳಲೇಬೇಕಾಗುತ್ತದೆ. ಮಾತು ಕೆಳಗಿಳಿದರೆ ಮುಂದೆ ಕೂತ ಹಿರಿಯರು ಕೈ ಎತ್ತುತ್ತಾರೆ. ಬೆಳಿಗ್ಗೆ ಎರಡೂ ಮೇಳದವರು ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡುವುದನ್ನು ನಾನೇ ನೋಡಿದ್ದೇನೆ. ಹುಡುಗನಿದ್ದಾಗ ಅದು ನನಗೆ ಭಾರೀ ಮೋಸ ಅನಿಸಿತ್ತು. ರಾತ್ರಿಯೆಲ್ಲ ಅಷ್ಟು ಜಗಳಾಡಿದವರು ಈಗ ಒಬ್ಬರಿಗೊಬ್ಬರು ಸಾರು ಬಡಿಸುತ್ತಿದ್ದಾರಲ್ಲ ಅಂತ.

ಹೆಸರಿಲ್ಲದೆ, ಮುಖ ಮುಚ್ಚಿಕೊಂಡು ಬರೆಯುವುದಕ್ಕೇ ಇಷ್ಟೆಲ್ಲ ಹೊಲಸು ಅಂತ ಒಂದು ವಾದ ಇದೆ. ನಾನೂ ನಂಬಿದ್ದೆ. ನಮ್ಮ ಗ್ರೂಪಿನಲ್ಲಿ ನಂಬರೂ ಇದೆ, ಹೆಸರೂ ಇದೆ, ಎಷ್ಟೋ ಜನ ಹೆಂಡತಿ ಮಕ್ಕಳ ಜೊತೆ ನಿಂತ ಫೋಟೋ ಹಾಕಿಕೊಂಡಿದ್ದಾರೆ. ಆ ಫೋಟೋ ಇಟ್ಟುಕೊಂಡೇ ಬೈಯುತ್ತಾರೆ. ದಕ್ಷಿಣ ಕೊರಿಯಾದವರು 2007ರಲ್ಲಿ ದೊಡ್ಡ ತಾಣಗಳಲ್ಲಿ ಬರೆಯುವವರೆಲ್ಲ ನಿಜ ಗುರುತು ಕೊಡಬೇಕು ಅಂತ ಕಾನೂನೇ ಮಾಡಿದರು. ಬೈಗುಳ ನಿಲ್ಲಲಿಲ್ಲ. 2011ರಲ್ಲಿ ಅಲ್ಲಿನ ಒಂದು ದೊಡ್ಡ ತಾಣಕ್ಕೆ ಕನ್ನ ಬಿದ್ದು ಸುಮಾರು ಮೂರೂವರೆ ಕೋಟಿ ಜನರ ವಿವರ ಕಳುವಾಯಿತು. 2012ರಲ್ಲಿ ಸಂವಿಧಾನ ನ್ಯಾಯಾಲಯ ಆ ಕಾನೂನನ್ನೇ ತೆಗೆದುಹಾಕಿತು. ಅದೇ 2012ರಲ್ಲಿ ಇಸ್ರೇಲಿನ ಇಬ್ಬರು ಸಂಶೋಧಕರು ಗುರುತಿಲ್ಲದ ಜನರನ್ನು ಜೋಡಿ ಮಾಡಿ, ಟೈಪ್ ಮಾಡುತ್ತಾ ವಾದಕ್ಕೆ ಬಿಟ್ಟು ನೋಡಿದ್ದರು. ಕೆಲವರಿಗೆ ಎದುರಿನವರ ಹೆಸರು ಗೊತ್ತು, ಕೆಲವರಿಗೆ ಗೊತ್ತಿಲ್ಲ. ಕೆಲವರಿಗೆ ಕ್ಯಾಮೆರಾದಲ್ಲಿ ಕಣ್ಣು ಕಾಣುತ್ತದೆ, ಕೆಲವರಿಗೆ ಕಾಣುವುದಿಲ್ಲ. ಮಾತು ಕೆಡುವುದಕ್ಕೆ ಹೆಸರು ಗೊತ್ತಿಲ್ಲದ್ದಕ್ಕಿಂತ ಕಣ್ಣಿಗೆ ಕಣ್ಣು ಕೂಡದ್ದೇ ದೊಡ್ಡ ಕಾರಣ ಅಂತ ಕಂಡಿತಂತೆ. ನನಗೆ ಇದು ತಕ್ಷಣ ಒಪ್ಪಿಗೆಯಾಯಿತು. ಕಾಕಾ ಅವತ್ತು ನನ್ನ ಸಾಲು ಓದಿದಾಗ ಅವರ ಮುಖ ಹೇಗಾಯಿತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ನನಗೆ ಸಿಕ್ಕದ್ದು ಎರಡು ನೀಲಿ ಗೆರೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ಮತ್ತು ಕಾರ್ನೆಲ್‌ನವರ ಇನ್ನೊಂದು ಅಧ್ಯಯನ 2017ರದ್ದು. ಅದನ್ನು ಓದಿದ ದಿನ ನಾಚಿಕೆಯಾಯಿತು. ಜನರಿಗೆ ಮೊದಲು ಒಂದು ಪರೀಕ್ಷೆ ಕೊಟ್ಟರು, ಕೆಲವರಿಗೆ ಸುಲಭದ್ದು, ಕೆಲವರಿಗೆ ತಲೆ ಕೆಡಿಸುವಂಥದ್ದು. ಆಮೇಲೆ ಒಂದು ಸುದ್ದಿಗೆ ಪ್ರತಿಕ್ರಿಯೆ ಬರೆಯಲು ಹೇಳಿದರು. ಕೆಲವರಿಗೆ ಮೇಲೆ ಸಭ್ಯ ಮಾತುಗಳು ಕಂಡವು, ಕೆಲವರಿಗೆ ಆಗಲೇ ಕೊಂಕು ಮಾತುಗಳಿದ್ದವು. ಮನಸ್ಸು ಸಮಾಧಾನವಾಗಿದ್ದು ಮೇಲಿನ ಮಾತೂ ಸಭ್ಯವಾಗಿದ್ದಾಗ 35% ಜನ ಕೆಟ್ಟದಾಗಿ ಬರೆದರು. ತಲೆ ಕೆಟ್ಟಿದ್ದು, ಮೇಲೆ ಕೊಂಕೂ ಇದ್ದಾಗ 68%. ಅವರೇನು ಹುಟ್ಟಾ ಜಗಳಗಂಟರಲ್ಲ, ನಮ್ಮಂಥವರೇ. ಮಷಿನ್ ಕಾಗದ ನುಂಗಿತ್ತು, ನನಗಿಂತ ಮೊದಲು ಇಬ್ಬರು ಕೊಂಕು ತೆಗೆದಿದ್ದರು. ನನ್ನ ಕಥೆಯನ್ನೇ ಯಾರೋ ಅಲ್ಲಿ ಕೂತು ಬರೆದಿಟ್ಟಹಾಗಿತ್ತು. ಹಾಗಂತ ಮಷಿನ್ ಮೇಲೆ ಹಾಕಿ ಕೈ ತೊಳೆದುಕೊಳ್ಳಲು ಆಗುವುದಿಲ್ಲ, 32% ಜನ ಆ ಸ್ಥಿತಿಯಲ್ಲೂ ಕೆಟ್ಟದಾಗಿ ಬರೆಯಲಿಲ್ಲವಲ್ಲ.

ಕಂಪನಿಗಳ ತಪ್ಪು ಇಲ್ಲವೇ? ಇದೆ. ಫೇಸ್‌ಬುಕ್‌ನವರು 2017ರಿಂದ ಕೆಲ ಕಾಲ ಸಿಟ್ಟಿನ ಮುಖಕ್ಕೆ ಲೈಕ್‌ಗಿಂತ ಐದು ಪಟ್ಟು ತೂಕ ಕೊಟ್ಟಿದ್ದರು. ಸಿಟ್ಟು ತರಿಸಿದ ಪೋಸ್ಟು ಹೆಚ್ಚು ಜನರ ಮುಂದೆ ಹೋಗುತ್ತಿತ್ತು. ಆಮೇಲೆ ಆ ತೂಕವನ್ನು ಇಳಿಸುತ್ತಾ ಸೊನ್ನೆಗೆ ತಂದರು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳ ಕಳ್ಳರು ಅನ್ನೋ ವಾಟ್ಸಾಪ್ ವದಂತಿಗೆ ಒಬ್ಬ ಯುವಕನ ಜೀವವೇ ಹೋಯಿತು. ಅದೇ ತಿಂಗಳು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳಿಸದಂತೆ ಮಿತಿ ಹಾಕಿದರು. ಇದೆಲ್ಲ ನಿಜ. ಆದರೆ ನಮ್ಮ ಗ್ರೂಪಿನಲ್ಲಿ ಯಾವ ಲೆಕ್ಕಾಚಾರವೂ ಇರಲಿಲ್ಲ, ಬರೆದದ್ದು ಬರೆದ ಕ್ರಮದಲ್ಲಿ ಕಾಣುತ್ತಿತ್ತು. ಆದರೂ ಕೆಟ್ಟಿತು. ಆದ್ದರಿಂದ ಪೂರಾ ಗಂಟನ್ನು ಕಂಪನಿಯ ತಲೆ ಮೇಲೆ ಹೊರಿಸಲು ನನಗೆ ಮನಸ್ಸಿಲ್ಲ.

ನನ್ನ ಅನುಮಾನ ಬೇರೆ ಕಡೆ ಇದೆ. ಹಳೇ ಓಣಿಯ ಕಟ್ಟೆ ಮೇಲೆ ಒಬ್ಬ ಇರುತ್ತಿದ್ದ. ಮಾತು ಕಡಿಮೆ, ಬೀಡಿ ಜಾಸ್ತಿ. ಜಗಳ ಒಂದು ಹದ ದಾಟಿದಾಗ "ಸಾಕ್ ಬಿಡ್ರೋ" ಅನ್ನುತ್ತಿದ್ದ. ಅಷ್ಟೇ ಅವನ ಕೆಲಸ. ಅವನಂಥವರು ನಮ್ಮ ಗ್ರೂಪಿನಲ್ಲೂ ಇದ್ದರು. ಅವರು ಬರೆಯುವವರಲ್ಲ, ಓದುವವರು. ಒಂಬೈನೂರು ಜನರಲ್ಲಿ ಬರೆಯುವವರು ಹತ್ತು ಹನ್ನೆರಡು ಮಂದಿ. ಕಟ್ಟೆ ಮೇಲೆ ಸುಮ್ಮನೆ ಕೂತವನೂ ಕಾಣುತ್ತಾನೆ. ಅವನ ಹುಬ್ಬು ಗಂಟಿಕ್ಕಿದ್ದು ಕಾಣುತ್ತದೆ, ಅವನು ಬೇಸರಪಟ್ಟು ಆ ಕಡೆ ತಿರುಗಿದ್ದೂ ಕಾಣುತ್ತದೆ. ಇಲ್ಲಿ ಸುಮ್ಮನಿರುವವನು ಇದ್ದೂ ಇಲ್ಲದವನು. ಜಗಳಾಡುವ ಹತ್ತು ಜನರಿಗೆ ಊರೇ ತಮ್ಮ ಜೊತೆ ಜಗಳಾಡುತ್ತಿದೆ ಅನಿಸುತ್ತದೆ. ಮೊದಲು ಎದ್ದು ಹೋಗುವವರೂ ಈ ಸುಮ್ಮನಿರುವವರೇ. ಅವರು ಹೋದಷ್ಟೂ ಉಳಿದವರ ದನಿ ದೊಡ್ಡದಾಗಿ ಕೇಳುತ್ತದೆ. ಆ ದನಿಗೆ ಇನ್ನಷ್ಟು ಜನ ಹೋಗುತ್ತಾರೆ. ಕುದಿಯುವ ಸಾರಿನ ಹಾಗೆ, ನೀರು ಆರಿದಷ್ಟೂ ಉಪ್ಪು ಹೆಚ್ಚು.

ಆಮೇಲೆ ನಾನು ಕೆಲವು ಬದಲಾವಣೆ ಮಾಡಿದೆ. ರಾತ್ರಿ ಹತ್ತಕ್ಕೆ ಗ್ರೂಪಿಗೆ ಬೀಗ, ಬೆಳಿಗ್ಗೆ ಆರರ ತನಕ ಅಡ್ಮಿನ್ ಬಿಟ್ಟು ಯಾರೂ ಬರೆಯುವ ಹಾಗಿಲ್ಲ. "ಸರ್ವಾಧಿಕಾರಿ" ಅಂತ ಬೈಸಿಕೊಂಡೆ. ಯಾರಾದರೂ ಕೆರಳಿದರೆ ಗ್ರೂಪಿನಲ್ಲಿ ಉತ್ತರ ಕೊಡದೆ ಫೋನ್ ಮಾಡುತ್ತೇನೆ. ಫೋನಿನಲ್ಲಿ ಹತ್ತರಲ್ಲಿ ಎಂಟು ಜನ "ಏನಿಲ್ಲ ಬಿಡ್ರಿ ಅಣ್ಣಾರ, ಸುಮ್ನ ಬರದಿದ್ದೆ" ಅನ್ನುತ್ತಾರೆ. ಪರಿಹಾರದ ಹುಡುಗನೂ ಹಾಗೇ ಅಂದ, ಆಮೇಲೆ ಅಂಗಡಿಗೆ ಬಂದು ಬಯೋಡೇಟಾ ಪ್ರಿಂಟ್ ತೆಗೆಸಿಕೊಂಡು ಹೋದ. ಹಳೇ ಓಣಿಯವರದ್ದೇ ಒಂದು ಸಣ್ಣ ಗ್ರೂಪು ಬೇರೆ ಮಾಡಿದ್ದೇವೆ, ಅದರಲ್ಲಿ ಇವತ್ತಿಗೆ 43 ಜನ. ದೊಡ್ಡ ಗ್ರೂಪು ಇನ್ನೂ ಇದೆ. ಅದರಲ್ಲೀಗ ಬೆಳಿಗ್ಗೆ ಗುಲಾಬಿ ಹೂವು, ಮಧ್ಯಾಹ್ನ ಯಾರೋ ಮಾರುವ ಪ್ಲಾಟು, ಆಗಾಗ ಒಂದು ಜಗಳ.

ಕಾಕಾನ ಮನೆಗೆ ಹೋಗಲು ನನಗೆ ಎರಡು ತಿಂಗಳು ಬೇಕಾಯಿತು. ಐದು ನಿಮಿಷದ ದಾರಿ.

"ಬಾರೋ ತಮ್ಮಾ, ಕುಂಡ್ರು" ಅಂದರು. ಚಹಾ ಬಂತು, ಚೂಡಾ ಬಂತು. ಮಷಿನ್ ಹೇಗಿದೆ ಅಂತ ಕೇಳಿದರು. ಗ್ರೂಪಿನ ಮಾತು ಅವರೂ ತೆಗೆಯಲಿಲ್ಲ, ನನಗೂ ಬಾಯಿ ಬರಲಿಲ್ಲ. ಏಳುವ ಹೊತ್ತಿಗೆ "ಕಾಕಾ, ಅವತ್ತು ನಾನು..." ಅಂತ ಶುರು ಮಾಡಿದೆ. ಅವರು ಕೈ ಅಡ್ಡ ಹಿಡಿದು ಒಳಗೆ ಹೋದರು. ಅದೇ ಫೋಟೋ ತಂದು ಕೊಟ್ಟು, "ಇದನ್ನ ಸ್ವಲ್ಪ ದೊಡ್ಡದು ಮಾಡಿಕೊಡು" ಅಂದರು.

ಅಂಗಡಿಗೆ ತಂದು ಸ್ಕ್ಯಾನ್ ಮಾಡಿ ಪರದೆ ಮೇಲೆ ಹಿಗ್ಗಿಸಿ ನೋಡಿದೆ. ಬಂಡಿಯ ಪಕ್ಕದ ಹಲಗೆಯ ಮೇಲೆ ಬಣ್ಣದಲ್ಲಿ ಓಣಿಯ ಹೆಸರು ಬರೆದಿತ್ತು. ಕೊನೆಗೆ "ಪೇಟೆ" ಅಂತ ಕಾಣುತ್ತಿತ್ತು. ಮುಂದಿನ ಅಕ್ಷರಗಳ ಮೇಲೆ ಸರಿಯಾಗಿ ಯಾರೋ ಒಬ್ಬ ಹುಡುಗ ಮೊಣಕೈ ಊರಿ ನಿಂತಿದ್ದ.

ಮರುದಿನ ಕಾಕಾ ಬಂದರು. ಪ್ರಿಂಟನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ಸಣ್ಣ ಗ್ರೂಪಿಗೆ ಸೇರಿಸಲಾ ಅಂತ ಕೇಳಿದೆ. "ಬ್ಯಾಡ" ಅಂದರು. "ಫೋಟೋನಾದ್ರೂ ಹಾಕ್ಲಿ?" ಅಂದೆ.

"ಅದನ್ನೂ ಬ್ಯಾಡ. ಯಾರರ ನೋಡಬೇಕಂದ್ರ ಮನಿಗೆ ಬರ್ಲಿ." ರೊಕ್ಕ ಬೇಡ ಅಂದರೂ ಕೇಳದೆ ಕೌಂಟರ್ ಮೇಲೆ ಐವತ್ತರ ನೋಟಿಟ್ಟು, ಚಿಲ್ಲರೆ ಇಸಿದುಕೊಂಡು ಹೋದರು.